ಟಾಟಾ ಮೊಬೈಲ್ 206: ಹದಿನಾಲ್ಕು ತಿಂಗಳ ಕೆಲಸ ಮುಗಿಯಿತು, ಗಾಡಿ ಮಾರಾಟಕ್ಕಿದೆ

ಮೊದಲೇ ಹೇಳಿಬಿಡುತ್ತೇನೆ, ಇದು ವಿಂಟೇಜ್ ಗಾಡಿ ಅಲ್ಲ. ಫೋಟೋ ನೋಡಿದ ನಾಲ್ಕೈದು ಜನ ಹಾಗೆ ಕರೆದರು. ಕೇಳೋಕೆ ಖುಷಿಯಾಯಿತು. ಆದರೆ 2021ರ ಕೇಂದ್ರ ಸರ್ಕಾರದ ನಿಯಮದಲ್ಲಿ ವಿಂಟೇಜ್ ಅನ್ನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಬಾಡಿಗೆಗೆ ಓಡುವ ಗಾಡಿಯೂ ಆಗಿರಬಾರದು. ನನ್ನದು 1993ರ ಮಾಡೆಲ್, ಹಳದಿ ಬೋರ್ಡು. ಎರಡರಲ್ಲೂ ಫೇಲ್. ಹಳೇ ಗಾಡಿ ಅನ್ನಿ, ಸಾಕು.

ಈಗಿನ ಹುಡುಗರು ಟಾಟಾ ಮೊಬೈಲ್ ಅಂದರೆ ಫೋನ್ ಅಂದುಕೊಳ್ಳುತ್ತಾರೆ. ಇದು 1988ರಲ್ಲಿ ಬಂದ ಪಿಕಪ್. ಆಗ ಕಂಪನಿ ಹೆಸರು ಟೆಲ್ಕೊ, ಟಾಟಾ ಮೋಟಾರ್ಸ್ ಆಗಿದ್ದು 2003ರಲ್ಲಿ. ಲಾರಿ ಮಾಡುತ್ತಿದ್ದವರು ಕಾರಿನ ಮೂತಿ ಇಟ್ಟು ಇದನ್ನು ಮಾಡಿದರು. ಮುಂದೆ 1991ರ ಸಿಯೆರಾ, 1992ರ ಎಸ್ಟೇಟ್ ಎರಡೂ ಇದೇ ಬುಡದ ಮೇಲೆ ಬಂದವು. ಎಂಜಿನ್ ಕೂಡ ಅದೇ 1948 ಸಿಸಿ ಡೀಸೆಲ್. ಇದರಿಂದ ಲಾಭವೂ ಇದೆ, ತೊಂದರೆಯೂ ಇದೆ. ಸಿಯೆರಾದ ಸಾಮಾನು ಇದಕ್ಕೆ ಕೂರುತ್ತದೆ. ಆದರೆ ಸಿಯೆರಾ ಹುಚ್ಚಿನವರು ಜಾಸ್ತಿಯಾಗಿ ಗುಜರಿಯವರೂ ರೇಟು ಏರಿಸಿಕೊಂಡಿದ್ದಾರೆ.

ಗಾಡಿ ಸಿಕ್ಕಿದ್ದು ಹೋದ ವರ್ಷ ಆಗಸ್ಟಿನಲ್ಲಿ, ಹೊಸನಗರದ ಕಡೆಯ ಒಂದು ತೋಟದ ಮನೆಯಲ್ಲಿ. ಕೊಟ್ಟಿಗೆ ಪಕ್ಕದ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದರು. ಸೆಲ್ಫ್ ಸ್ಟಾರ್ಟರ್ ಹೋಗಿ ವರ್ಷಗಳಾಗಿತ್ತಂತೆ, ಉರುಳಿಸಿಯೇ ಸ್ಟಾರ್ಟ್ ಮಾಡುತ್ತಿದ್ದರಂತೆ. ಕೊನೆಗೆ ಅದೂ ನಿಂತಿತ್ತು. ಮನೆಯ ಹಿರಿಯರು ಜಗಲಿಯಲ್ಲಿ ಕೂತೇ ಕೇಳಿದರು, "ಇದನ್ನ ತಗೊಂಡು ಏನ್ ಮಾಡ್ತೀರಿ ಮಾರಾಯ್ರೆ? ಗುಜರಿಯವನೇ ಎರಡು ಸಲ ನೋಡಿ ವಾಪಸ್ ಹೋದ." ನನಗೂ ಉತ್ತರ ಗೊತ್ತಿರಲಿಲ್ಲ. 62,000 ಕೊಟ್ಟು, ಟೋಯಿಂಗ್ ಗಾಡಿಯಲ್ಲಿ ಹೇರಿಸಿಕೊಂಡು ಶಿವಮೊಗ್ಗಕ್ಕೆ ತಂದೆ.

ಸೆಪ್ಟೆಂಬರ್, ಬಾಡಿ ಬಿಚ್ಚಿದ್ದು

ಈ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ವಾರ ಇದು. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಟಿಂಕರಿಂಗ್ (ತಗಡಿನ ರಿಪೇರಿ) ಮೇಸ್ತ್ರಿ ಹಿಂದಿನ ಬಾಡಿಯ ಮೇಲಿದ್ದ ರಬ್ಬರ್ ಮ್ಯಾಟ್ ಎಳೆದರು. ಕೆಳಗೆ ತಗಡು ಎರಡು ಬಣ್ಣ. ಬಲಗಡೆ ಪೂರ್ತಿ ಕಪ್ಪು, ಶಾಯಿ ಚೆಲ್ಲಿದ ಹಾಗೆ. ಎಡಗಡೆ ಹಿಂದಿನ ಮೂಲೆ ಕೆಂಪು, ಒತ್ತಿದರೆ ಬೆರಳು ಆಚೆ ಬರುತ್ತಿತ್ತು. ಮಡಿಕೆಗಳಲ್ಲಿ ನೀಲಿ ಹಸಿರು ಪುಡಿ.

"ಒಂದೇ ಗಾಡಿ, ಒಂದೇ ಮಳೆ. ಇದ್ಯಾಕೆ ಹಿಂಗೆ ಸಾರ್?" ಅಂದರು ಮೇಸ್ತ್ರಿ. ಅವರು ಪೇಟೆಯಲ್ಲೇ ಬೆಳೆದವರು. ತೋಟದವರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ನೀಲಿ ಪುಡಿ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಪ್ರತಿ ಮಳೆಗಾಲ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಲು ಡ್ರಮ್ಮು ಹೇರುತ್ತಿದ್ದದ್ದು ಆ ಮೂಲೆಯಲ್ಲಿ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಈ ಮಿಶ್ರಣಕ್ಕೇ ಬೋರ್ಡೋ ಅನ್ನುವುದು. ಅದು ಸರಿಯಾಯಿತಾ ಅಂತ ಕತ್ತಿ ಅದ್ದಿ ನೋಡುತ್ತೇವಲ್ವಾ? ಕತ್ತಿ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ಹೋಗುತ್ತದೆ. ಕತ್ತಿಗೆ ಒಂದು ನಿಮಿಷ ಆಗುವುದು ಈ ತಗಡಿಗೆ ಎಷ್ಟೋ ಮಳೆಗಾಲ ಆಗಿದೆ. ಸುಣ್ಣ ಸೇರದ ಬರೀ ಮೈಲುತುತ್ತದ ನೀರು ತುಳುಕಿ ಮ್ಯಾಟಿನ ಅಡಿ ಇಳಿದಿದೆ.

ಕಪ್ಪು ಕಲೆ ಅಡಿಕೆ ಚೊಗರಿನದು, ಅಂದರೆ ಅಡಿಕೆ ಬೇಯಿಸಿದ ನೀರಿನದು. ಬೇಯಿಸಿದ ಅಡಿಕೆ ಇನ್ನೂ ಒದ್ದೆ ಇರುವಾಗಲೇ ಬುಟ್ಟಿಯಲ್ಲಿ ತುಂಬಿ ಒಣಗಿಸುವ ಕಡೆಗೆ ಸಾಗಿಸಿದ್ದಾರೆ, ಚೊಗರು ಸೋರಿದೆ. ಚೊಗರಿನಲ್ಲಿ ಟ್ಯಾನಿನ್ ಇದೆ. ಅದು ತುಕ್ಕಿನ ಜೊತೆ ಸೇರಿದರೆ ಕಪ್ಪಗೆ ಗಟ್ಟಿಯಾಗಿ ಕೂರುತ್ತದೆ. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ತುಕ್ಕು ನಿಲ್ಲಿಸುವ ದ್ರಾವಣಗಳಲ್ಲೂ ಎಷ್ಟೋ ಬಾರಿ ಇರುವುದು ಟ್ಯಾನಿನ್ನೇ. ಹೆಗ್ಗೋಡಿನ ಚರಕ ಕೈಮಗ್ಗ ಸಂಘದವರು ಬಟ್ಟೆಗೆ ಬಣ್ಣ ಹಾಕುವುದೂ ಇದೇ ಚೊಗರಿನಲ್ಲಿ. ನಾನು ಸ್ಕ್ರೂಡ್ರೈವರ್ ತಗೊಂಡು ಕಪ್ಪು ಜಾಗವನ್ನೆಲ್ಲ ಕುಟ್ಟಿ ನೋಡಿದೆ. ಎಲ್ಲೂ ತೂತಾಗಲಿಲ್ಲ. ಚೊಗರೇ ಉಳಿಸಿತು ಅಂತ ಕೋರ್ಟಿನಲ್ಲಿ ಹೇಳಲಾರೆ. ಬಲಗಡೆ ಡ್ರಮ್ಮು ಇಡಲಿಲ್ಲ ಅನ್ನೋದೂ ಕಾರಣ ಇರಬಹುದು.

ಕೆಂಪು ಮೂಲೆಯಲ್ಲಿ ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ ಕತ್ತರಿಸಿ 16 ಗೇಜ್ ಹೊಸ ತಗಡು ವೆಲ್ಡ್ ಮಾಡಿದೆವು. ಅದರ ಕೆಳಗಿನ ಒಂದು ಅಡ್ಡಪಟ್ಟಿಯೂ ಹೋಗಿತ್ತು, ಹೊಸದು ಹಾಕಿದೆವು. ಚಾಸಿಯಲ್ಲಿ ಮೇಲಿನ ತುಕ್ಕು ಮಾತ್ರ. ತಂತಿ ಬ್ರಷ್ಷಿನಲ್ಲಿ ಉಜ್ಜಿ ಎರಡು ಕೋಟು ರೆಡ್ ಆಕ್ಸೈಡ್ ಹೊಡೆದು, ಮೇಲೆ ಕಪ್ಪು ಬಣ್ಣ.

ಬಲಗಡೆಯ ಕಪ್ಪು ನೆಲಕ್ಕೆ ಮಾತ್ರ ಬಣ್ಣ ಹೊಡೆಸಲಿಲ್ಲ, ಬರೀ ಕ್ಲಿಯರ್ ಲ್ಯಾಕರ್. ಮೇಸ್ತ್ರಿಗೆ ಇದು ಒಪ್ಪಿಗೆಯಾಗಲಿಲ್ಲ. "ಕೆಲಸ ಅರ್ಧ ಬಿಟ್ಟಾರೆ ಅಂತ ನನ್ನ ಹೆಸರು ಹೋಗುತ್ತೆ" ಅಂದರು. ಇದು ನನ್ನದೇ ಹಟ, ಅವರ ತಪ್ಪಲ್ಲ.

ಡಿಸೆಂಬರಿನಿಂದ ಏಪ್ರಿಲ್, ಎಂಜಿನ್

ಇಲ್ಲಿ ಸಮಯ ಹಾಳಾಯಿತು. ಹೆಡ್ ಇಳಿಸಿ ವಾಲ್ವ್ ಗ್ರೈಂಡಿಂಗ್, ಹೊಸ ಗ್ಯಾಸ್ಕೆಟ್, ಅಷ್ಟು ಸಲೀಸಾಗಿ ಆಯಿತು. ಡೀಸೆಲ್ ಪಂಪು ಮತ್ತು ನಾಜಲ್ ಒಂದು ಅಂಗಡಿಗೆ ಕೊಟ್ಟೆ. ಒಂದೂವರೆ ತಿಂಗಳು ಇಟ್ಟುಕೊಂಡು ಕೊಟ್ಟರು. ಹಾಕಿ ಸ್ಟಾರ್ಟ್ ಮಾಡಿದರೆ ಬೀದಿ ತುಂಬ ಬಿಳಿ ಹೊಗೆ. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ, ನೀಲಿ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ಬಂದರೆ ಡೀಸೆಲ್ ಉರಿಯದೆ ಹಾಗೇ ಹೊರಗೆ ಹೋಗುತ್ತಿದೆ ಅಥವಾ ನೀರು ಸೇರುತ್ತಿದೆ. ರೇಡಿಯೇಟರಿನ ನೀರು ಕಡಿಮೆಯಾಗುತ್ತಿರಲಿಲ್ಲ. ಅಂಗಡಿಯವರು "ಹೆಡ್ ಸರಿ ಇಲ್ಲ" ಅಂದರು, ಹೆಡ್ ಮಾಡಿದವರು "ಪಂಪು ಸರಿ ಇಲ್ಲ" ಅಂದರು. ನಾನು ನಡುವೆ ಮೂರು ವಾರ ಓಡಾಡಿದೆ.

ಕೊನೆಗೆ ಹಳೇ ಡೀಸೆಲ್ ಮೆಕ್ಯಾನಿಕ್ ಒಬ್ಬರು ಬಂದು ಪಂಪಿನ ಟೈಮಿಂಗ್ ನೋಡಿದರು. ಡೀಸೆಲ್ ತಡವಾಗಿ ಬೀಳುವ ಹಾಗೆ ಕೂರಿಸಿದ್ದರು, ಅಷ್ಟೇ. ಜೊತೆಗೆ ನಾಲ್ಕು ಹೀಟರ್ ಪ್ಲಗ್ ಬಿಚ್ಚಿ ಬ್ಯಾಟರಿಗೆ ಒಂದೊಂದೇ ಮುಟ್ಟಿಸಿದರು. ಒಂದು ಮಾತ್ರ ಕೆಂಪಗಾಯಿತು. ಈ ಎಂಜಿನ್ನಿನಲ್ಲಿ ಡೀಸೆಲ್ ನೇರ ಪಿಸ್ಟನ್ ಮೇಲೆ ಬೀಳುವುದಿಲ್ಲ, ಪಕ್ಕದ ಸಣ್ಣ ಕೋಣೆಯಲ್ಲಿ ಹೊತ್ತಿಕೊಂಡು ಬರುತ್ತದೆ. ಆ ಕೋಣೆ ಬಿಸಿ ಮಾಡುವುದೇ ಹೀಟರ್ ಪ್ಲಗ್ಗಿನ ಕೆಲಸ. ಅದು ತಣ್ಣಗಿದ್ದರೆ ನಮ್ಮ ಚಳಿಗಾಲದ ಬೆಳಿಗ್ಗೆ ಗಾಡಿ ಏಳುವ ಮಾತೇ ಇಲ್ಲ. ಆ ಮನೆಯವರು ಇಳಿಜಾರು ಹುಡುಕಿದ್ದಕ್ಕೆ ಬರೀ ಸೆಲ್ಫ್ ಕಾರಣ ಆಗಿರಲಿಕ್ಕಿಲ್ಲ.

ವೈರಿಂಗ್, ಸೀಟು, ಗಾಜಿನ ಬೀಡಿಂಗ್, ಟೈರು ಮೇ ತಿಂಗಳಲ್ಲಿ ಮುಗಿದವು. ಬಣ್ಣ ಬಿಳಿ, ಡ್ಯಾಶ್‌ಬೋರ್ಡ್ ಹಿಂದೆ ಸಿಕ್ಕಿದ ಮೂಲ ಬಣ್ಣಕ್ಕೆ ಹತ್ತಿರ.

ಓಡಿಸಿ ನೋಡಿದ್ದು

ಗಾಜನೂರು, ಮಂಡಗದ್ದೆ ಮೇಲೆ ತೀರ್ಥಹಳ್ಳಿಗೆ ಹೋದೆ, ಆಮೇಲೆ ಆಗುಂಬೆ. ಘಾಟಿಯ ಹದಿನಾಲ್ಕು ತಿರುವು ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿದು ವಾಪಸ್ ಹತ್ತಿಸಿದೆ. ಖಾಲಿ ಗಾಡಿ, ಎರಡನೇ ಗೇರು, ಹಿಂದೆ ಬಸ್ಸಿನವನು ಹಾರ್ನ್ ಮಾಡುತ್ತಲೇ ಇದ್ದ. ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. ಟರ್ಬೊ ಇಲ್ಲದ ಎಂಜಿನ್, ಅವಸರ ಇರುವವರಿಗೆ ಇದು ಹೇಳಿದ್ದಲ್ಲ. ಹತ್ತು ಚೀಲ ಅಡಿಕೆ ಹಾಕಿ ಒಮ್ಮೆ ಮಂಡಿಗೆ ಹೋಗಿ ಬಂದೆ, ತೊಂದರೆ ಕೊಡಲಿಲ್ಲ.

ಖರ್ಚಿನ ಲೆಕ್ಕ ಕೇಳಿದವರಿಗೆ: ಗಾಡಿ 62,000. ಟಿಂಕರಿಂಗ್ ಮತ್ತು ಬಣ್ಣ 96,000. ಎಂಜಿನ್, ಪಂಪು ಸೇರಿ 58,000. ಟೈರು 27,500. ವೈರಿಂಗ್, ಸೀಟು, ಗಾಜು 31,000. ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಕಾಗದ ಪತ್ರ 14,500. ಒಟ್ಟು 2,89,000. ಕೇಳುತ್ತಿರುವುದು 2,75,000. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಮಾರುತ್ತಿರುವ ಕಾರಣ ಸುಲಭ. ಗಾಡಿ ನಿಂತಿರುವುದು ಅಡಿಕೆ ಸುಲಿಯುವ ಮೆಷಿನ್ ಇಡುವ ಜಾಗದಲ್ಲಿ. ಅಡಿಕೆ ಕೊಯ್ಲು ಶುರುವಾಗುತ್ತಿದೆ. "ಮೆಷಿನ್ ಒಳಗೆ ಬರಬೇಕು, ಇಲ್ಲಾ ನೀನು ಹೊರಗೆ ಹೋಗಬೇಕು" ಅಂತ ಅಪ್ಪಯ್ಯ ಹೇಳಿ ಆಗಿದೆ.

ಕಾಗದದ ವಿಷಯ. ಆರ್‌ಸಿಯಲ್ಲಿ ಹಳೇ ಸಾಲದ ನಮೂದು ಹಾಗೇ ಇತ್ತು. ಸಾಲ ತೀರಿ ಎಷ್ಟೋ ವರ್ಷವಾದರೂ ಯಾರೂ ತೆಗೆಸಿರಲಿಲ್ಲ. ಸಾಲ ಕೊಟ್ಟವರಿಂದ ಪತ್ರ ತಂದು, ಫಾರಂ 35 ಕೊಟ್ಟು ತೆಗೆಸಿದ್ದೇನೆ. ಈಗ ಆರ್‌ಸಿ ನನ್ನ ಹೆಸರಿನಲ್ಲಿದೆ, ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಕೊಡುತ್ತೇನೆ. ಹಳದಿ ಬೋರ್ಡಾದ್ದರಿಂದ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು, ಅದನ್ನು ಲೆಕ್ಕದಲ್ಲಿಟ್ಟುಕೊಂಡೇ ಬನ್ನಿ.

ಸರಿಯಾಗದೆ ಉಳಿದದ್ದು: ಬಲಗಡೆ ಬಾಗಿಲಿನ ಗಾಜು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಮೂರನೇ ಗೇರಿಗೆ ಹಾಕುವಾಗ ತಣ್ಣಗಿದ್ದರೆ ಕರ್ ಅನ್ನುತ್ತದೆ. ಡೀಸೆಲ್ ಮುಳ್ಳು ನಂಬಬೇಡಿ.

ನೋಡಲು ಬರುವವರು ಬೆಳಿಗ್ಗೆ ಏಳರೊಳಗೆ ಬನ್ನಿ. ನಾನು ಮೊದಲೇ ಬಿಸಿ ಮಾಡಿ ಇಟ್ಟಿರುವುದಿಲ್ಲ, ತಣ್ಣಗಿನ ಎಂಜಿನ್ ಹೇಗೆ ಏಳುತ್ತದೆ ಅಂತ ನೀವೇ ಕೀ ತಿರುಗಿಸಿ ನೋಡಿ. ಬರುವಾಗ ಒಂದು ಮ್ಯಾಗ್ನೆಟ್ ತನ್ನಿ. ಎಡಗಡೆ ಹಿಂದಿನ ಚಕ್ರದ ಮೇಲೆ ಅಂಗೈ ಅಗಲದ ಜಾಗದಲ್ಲಿ ಅದು ಹಿಡಿಯುವುದಿಲ್ಲ. ಅಲ್ಲಿ ಇರುವುದು ಪುಟ್ಟಿ.