ಸಿಗ್ನಲ್ ಬಿಡುವ ಮೊದಲೇ ಲೇನ್ ಲೆಕ್ಕ

ಕೆಂಪು ದೀಪಕ್ಕೆ ಎರಡು ಸಾಲು ನಿಂತಿವೆ. ಒಂದರಲ್ಲಿ ಏಳು ಕಾರು. ಪಕ್ಕದ್ದರಲ್ಲಿ ನಾಲ್ಕೇ ಗಾಡಿ, ಆದರೆ ಎಲ್ಲಕ್ಕಿಂತ ಮುಂದಿರುವುದು ಲೋಡ್ ತುಂಬಿದ ಲಾರಿ. ಹಿಂದಿನಿಂದ ಬರುವವರು ಗಿಡ್ಡ ಸಾಲು ಕಂಡ ಕೂಡಲೇ ಅದಕ್ಕೇ ತಿರುಗುತ್ತಾರೆ. ಸ್ಟಾಪ್ ಲೈನ್ ದಾಟುವ ಹೊತ್ತಿಗೆ ಎರಡೂ ಸಾಲು ಹೆಚ್ಚುಕಡಿಮೆ ಸಮವಾಗಿರುತ್ತವೆ. ಅಲ್ಲಿಂದ ಆಚೆ ಕಾರಿನ ಸಾಲು ವೇಗ ಹಿಡಿದು ಹೋಗುತ್ತದೆ, ಲಾರಿಯ ಹಿಂದೆ ಬಿದ್ದವರು ಎರಡನೇ ಗೇರ್‌ನಲ್ಲೇ ತೆವಳುತ್ತಿರುತ್ತಾರೆ. ಸಾಲಿನ ಉದ್ದ ನೋಡಿ ಲೇನ್ ಆರಿಸಿದರೆ ಆಗುವುದೇ ಹೀಗೆ. ನೋಡಬೇಕಾದದ್ದು ಸಾಲು ಎಷ್ಟು ಸೆಕೆಂಡಿನಲ್ಲಿ ಕರಗುತ್ತದೆ ಎಂಬುದನ್ನು.

ಈ ಕರಗುವಿಕೆಗೆ ಒಂದು ಲೆಕ್ಕವಿದೆ. ಹಸಿರು ಬಿದ್ದ ಮೇಲೆ ಒಂದು ಲೇನ್‌ನಿಂದ ಸುಮಾರು ಎರಡು ಸೆಕೆಂಡಿಗೆ ಒಂದು ಕಾರು ಗೆರೆ ದಾಟುತ್ತದೆ. ಸಿಗ್ನಲ್ ವಿನ್ಯಾಸ ಮಾಡುವ ಎಂಜಿನಿಯರುಗಳು ಎಲ್ಲ ಅನುಕೂಲವಿರುವ ಲೇನ್‌ಗೆ ಗಂಟೆಗೆ 1,900 ಕಾರು ಎಂಬ ಅಂಕಿಯನ್ನು ಹಿಡಿಯುವುದೂ ಇದರಿಂದಲೇ. ಮೊದಲ ಮೂರ್ನಾಲ್ಕು ಗಾಡಿಗಳು ಮಾತ್ರ ಸ್ವಲ್ಪ ನಿಧಾನ: ದೀಪ ನೋಡಬೇಕು, ಕಾಲು ಬ್ರೇಕ್‌ನಿಂದ ಆಕ್ಸಿಲರೇಟರ್‌ಗೆ ಬರಬೇಕು, ನಿಂತ ಗಾಡಿ ಹೊರಡಬೇಕು. ಇದರಲ್ಲಿ ಒಟ್ಟು ಎರಡು ಸೆಕೆಂಡು ಹೋಗುತ್ತದೆ. ಹಾಗಾಗಿ ನೀವು ಸಾಲಿನಲ್ಲಿ ಎಷ್ಟನೆಯವರೋ ಅದನ್ನು ಎರಡರಿಂದ ಗುಣಿಸಿ, ಎರಡು ಕೂಡಿಸಿ. ಹತ್ತನೆಯ ಕಾರು ಗೆರೆ ದಾಟುವುದು 22ನೇ ಸೆಕೆಂಡಿಗೆ. ಅದರ ಚಕ್ರ ಉರುಳಲು ಶುರುವಾಗುವುದೇ ಹತ್ತನೇ ಸೆಕೆಂಡಿನ ಆಸುಪಾಸಿನಲ್ಲಿ, ಏಕೆಂದರೆ ಹೊರಡುವ ಅಲೆ ಒಂದೊಂದು ಗಾಡಿ ದಾಟಿ ಹಿಂದಕ್ಕೆ ಬರಲು ಸುಮಾರು ಒಂದೊಂದು ಸೆಕೆಂಡು ಬೇಕು. ಹಸಿರು ಬಿದ್ದ ತಕ್ಷಣ ಹತ್ತನೆಯವರು ಹಾರ್ನ್ ಹೊಡೆದರೆ ಆ ಅಲೆ ಒಂದಿಂಚೂ ಬೇಗ ಬರುವುದಿಲ್ಲ.

ಈಗ ಹಸಿರು 30 ಸೆಕೆಂಡು ಇದೆ ಎಂದಿಟ್ಟುಕೊಳ್ಳಿ. ಒಂದು ಲೇನ್‌ನಿಂದ ಹದಿನಾಲ್ಕು ಕಾರು ಹೋಗುತ್ತವೆ. ನೀವು ಆರನೆಯವರಾಗಿದ್ದು ಕಷ್ಟಪಟ್ಟು ಐದನೆಯವರಾದರೆ ಉಳಿಯುವುದು ಎರಡು ಸೆಕೆಂಡು. ಅದಕ್ಕಾಗಿ ಯಾರದೋ ಬಂಪರ್ ಮುಂದೆ ಮೂಗು ತೂರಿಸುವುದರಲ್ಲಿ ಅರ್ಥವಿಲ್ಲ. ಆದರೆ ಹದಿನಾರನೆಯವರು ಪಕ್ಕದ ಲೇನ್‌ನಲ್ಲಿ ಹನ್ನೆರಡನೆಯವರಾಗಲು ಸಾಧ್ಯವಿದ್ದರೆ ಅದು ಬೇರೆ ಮಾತು: ಅವರಿಗೆ ಉಳಿಯುವುದು ಸಿಗ್ನಲ್‌ನ ಹೆಚ್ಚುಕಡಿಮೆ ಒಂದು ಸುತ್ತು, ದೊಡ್ಡ ಜಂಕ್ಷನ್‌ನಲ್ಲಿ ಒಂದು ಸುತ್ತು ಎಂದರೆ 90ರಿಂದ 120 ಸೆಕೆಂಡು. ಲೇನ್ ಬದಲಿಸುವುದಕ್ಕೆ ಬೆಲೆ ಬರುವುದು ಈ ಅಂಚಿನಲ್ಲಿ ಮಾತ್ರ. ದಿನಾ ಹೋಗುವ ದಾರಿಯಲ್ಲಿ ಒಂದೆರಡು ಸಲ ಹಸಿರಿನ ಸೆಕೆಂಡುಗಳನ್ನು ಎಣಿಸಿಟ್ಟುಕೊಂಡರೆ ಆ ಅಂಚು ಎಲ್ಲಿ ಬರುತ್ತದೆ ಎಂಬುದು ಗೊತ್ತಾಗಿಬಿಡುತ್ತದೆ: ಇಂಥ ಕಂಬದ ಹಿಂದೆ ನಿಂತರೆ ಈ ಸಲ ಸಿಗುವುದಿಲ್ಲ, ಮುಂದೆ ನಿಂತರೆ ಸಿಗುತ್ತದೆ. ನಿಂತ ಸಾಲಿನಲ್ಲಿ ಒಂದು ಕಾರಿಗೆ ಸುಮಾರು ಏಳು ಮೀಟರ್ ಜಾಗ ಹಿಡಿಯಿರಿ, ಹದಿನಾಲ್ಕು ಕಾರು ಎಂದರೆ ನೂರು ಮೀಟರ್ ಹತ್ತಿರ.

ಎಣಿಸುವಾಗ ಬಸ್ಸು, ಲಾರಿಯನ್ನು ಎರಡು ಕಾರು ಎಂದು ಎಣಿಸಿ. ಲೋಡ್ ಇದ್ದು ರಸ್ತೆ ಏರಾಗಿದ್ದರೆ ಮೂರು ಅನ್ನಿ. ಅದು ಎಲ್ಲಿ ನಿಂತಿದೆ ಎಂಬುದೂ ಮುಖ್ಯ. ಎಲ್ಲಕ್ಕಿಂತ ಮುಂದೆ ನಿಂತ ಲಾರಿ ಇಡೀ ಸಾಲಿನ ವೇಗವನ್ನೇ ನಿರ್ಧರಿಸುತ್ತದೆ. ಎಂಟನೆಯದಾಗಿದ್ದರೆ ಅದಕ್ಕೆ ಅಲೆ ತಲುಪುವುದೇ ತಡವಾಗಿ, ಅಷ್ಟರಲ್ಲಿ ಮುಂದಿನವರು ಹೋಗಿರುತ್ತಾರೆ. ಅದರ ಪೆಟ್ಟು ಹಿಂದಿನವರಿಗೆ ಮಾತ್ರ.

ಇದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ತಿರುಗುವ ಗಾಡಿ. ನೇರ ಹೋಗುವವರೂ ತಿರುಗುವವರೂ ಒಂದೇ ಲೇನ್ ಹಂಚಿಕೊಂಡಿರುವ ಕಡೆ, ಎದುರಿನಿಂದ ಬರುವ ಸಾಲನ್ನು ಅಡ್ಡಹಾಯ್ದು ತಿರುಗಬೇಕಾದ ಒಂದೇ ಒಂದು ಕಾರು ಸಾಕು, ಇಡೀ ಲೇನ್ ನಿಲ್ಲುತ್ತದೆ. ಎಡಬದಿಯಲ್ಲಿ ಓಡಿಸುವ ಕಡೆ ಇದು ಬಲ ತಿರುವು, ಬಲಬದಿಯಲ್ಲಿ ಓಡಿಸುವ ಕಡೆ ಎಡ ತಿರುವು. ಪ್ರತ್ಯೇಕ ಬಾಣದ ಹಸಿರು ಇಲ್ಲದಿದ್ದರೆ ಆ ಕಾರು ಎದುರಿನ ಸಾಲು ಮುಗಿಯುವವರೆಗೂ ಕಾಯಬೇಕು. ಇಂಥಲ್ಲಿ ನೇರ ಹೋಗುವವರು ನಡುಗೆರೆಯ ಪಕ್ಕದ ಲೇನ್ ಬಿಟ್ಟುಬಿಡಬೇಕು. ಅಂಚಿನ ಲೇನ್‌ನಲ್ಲಿ ಇಷ್ಟು ತೊಂದರೆ ಇಲ್ಲ, ಆದರೆ ಅಲ್ಲಿ ತಿರುಗುವವರು ಅಡ್ಡರಸ್ತೆ ದಾಟುವ ಪಾದಚಾರಿಗಳಿಗಾಗಿ ನಿಲ್ಲಬೇಕಾಗುತ್ತದೆ. ಜನ ಹೆಚ್ಚು ಓಡಾಡುವ ಹೊತ್ತಿನಲ್ಲಿ ಆ ಲೇನೂ ಕಟ್ಟಿಕೊಳ್ಳುತ್ತದೆ. ಮೂರು ಲೇನ್ ಇದ್ದರೆ ನೇರ ಹೋಗುವವರಿಗೆ ನಡುವಿನದು ಸಾಮಾನ್ಯವಾಗಿ ಸುರಕ್ಷಿತ ಆಯ್ಕೆ.

ಇಂಡಿಕೇಟರ್ ಹಾಕದೆ ತಿರುಗುವವರನ್ನು ಹಿಡಿಯುವುದು ಹೇಗೆ? ಮುಂದಿನ ಚಕ್ರ ನೋಡಿ. ತಿರುಗಬೇಕೆಂದಿರುವವರು ನಿಂತಲ್ಲೇ ಸ್ಟೀರಿಂಗ್ ಸ್ವಲ್ಪ ತಿರುಗಿಸಿಕೊಂಡಿರುತ್ತಾರೆ, ಟೈರಿನ ಮುಖ ಬಾಡಿಯಿಂದ ಆಚೆ ಬಂದಿರುತ್ತದೆ. ಗಾಡಿ ಲೇನ್‌ನ ನಡುವೆ ನಿಲ್ಲದೆ ಒಂದು ಗೆರೆಗೆ ಒತ್ತಿಕೊಂಡಿದ್ದರೆ ಅದೂ ಸೂಚನೆಯೇ. ತಲೆ ಕೆಳಗೆ ಹಾಕಿ ಫೋನ್ ನೋಡುತ್ತಿರುವವರು ಹಸಿರು ಬಿದ್ದ ಮೇಲೆ ಎರಡು ಮೂರು ಸೆಕೆಂಡು ತಿನ್ನುತ್ತಾರೆ, ಅಂದರೆ ಅವರನ್ನೂ ಎರಡು ಕಾರು ಎಂದೇ ಎಣಿಸಬೇಕು. ಹಜಾರ್ಡ್ ಲೈಟ್ ಮಿನುಗಿಸುತ್ತಿರುವ ಗಾಡಿಯ ಹಿಂದೆ ಹೋಗಿ ನಿಲ್ಲಲೇಬೇಡಿ.

ಲೇನ್ ಆರಿಸುವವರು ಸಿಗ್ನಲ್‌ವರೆಗೆ ಮಾತ್ರ ನೋಡಿದರೆ ಸಾಲದು, ಜಂಕ್ಷನ್‌ನ ಆಚೆ ಬದಿಯನ್ನೂ ನೋಡಬೇಕು. ಖಾಲಿ ಲೇನ್ ಖಾಲಿ ಇರುವುದಕ್ಕೆ ಕಾರಣ ಬಹುತೇಕ ಅಲ್ಲೇ ಇರುತ್ತದೆ: ಬಸ್ ನಿಲ್ದಾಣ, ಪಾರ್ಕ್ ಮಾಡಿದ ಕಾರುಗಳು, ಅಗೆದ ರಸ್ತೆ, ಅಥವಾ ನೂರು ಮೀಟರ್ ಹೋಗುವಷ್ಟರಲ್ಲಿ ಎರಡು ಲೇನ್ ಒಂದಾಗುವುದು. ಹಾಗೆ ಮುಂದೆ ಸೇರುವ ಲೇನ್‌ಗೆ ನೇರ ಬಾಣವಿದ್ದರೆ ಅದನ್ನು ಬಳಸುವುದರಲ್ಲಿ ತಪ್ಪೇನೂ ಇಲ್ಲ. ಎರಡೂ ಲೇನ್ ತುಂಬಿಕೊಂಡು, ಸೇರುವ ಜಾಗದಲ್ಲಿ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ಎಂದು ಜಿಪ್ ಹಲ್ಲು ಕೂಡಿಕೊಂಡ ಹಾಗೆ ಹೋದರೆ ಹಸಿರಿನ ಒಂದು ಸೆಕೆಂಡೂ ವ್ಯರ್ಥವಾಗುವುದಿಲ್ಲ. ಸೇರುವಾಗ ಪಕ್ಕದವರ ವೇಗಕ್ಕೇ ಬಂದು, ಒಂದು ಸಂದು ಆರಿಸಿಕೊಂಡು ಅದಕ್ಕೆ ಹೊಂದಿಕೊಳ್ಳಿ. ತಿರುವಿಗೆ ಮಾತ್ರ ಎಂದು ಬಾಣ ಬರೆದ ಲೇನ್‌ನಲ್ಲಿ ಹೋಗಿ ಕೊನೆ ಗಳಿಗೆಯಲ್ಲಿ ನೇರ ಸಾಲಿಗೆ ಕಟ್ ಹೊಡೆಯುವುದು ಮಾತ್ರ ಬೇರೆಯೇ ಸಂಗತಿ. ಅದರಿಂದ ಎರಡು ಲೇನ್ ಒಟ್ಟಿಗೆ ಸಾಯುತ್ತವೆ: ಹಿಂದೆ ತಿರುಗಬೇಕಾದವರು ಸಿಕ್ಕಿಕೊಳ್ಳುತ್ತಾರೆ, ಪಕ್ಕದವರು ಬ್ರೇಕ್ ಹಿಡಿಯುತ್ತಾರೆ.

ರಸ್ತೆ ಮೇಲಿನ ಬಾಣಗಳು ನಿಂತ ಗಾಡಿಗಳ ಕೆಳಗೆ ಮುಚ್ಚಿಹೋಗಿರುತ್ತವೆ, ಆದ್ದರಿಂದ ತೀರ್ಮಾನ 150 ಮೀಟರ್ ಹಿಂದೆಯೇ ಆಗಬೇಕು. ಆ ದೂರದಿಂದ ಮೇಲಿನ ಫಲಕ ಓದಿ, ಮಿರರ್ ನೋಡಿ, ಇಂಡಿಕೇಟರ್ ಹಾಕಿ ಮೂರು ಸಲ ಮಿನುಗಲು ಬಿಡಿ, ಭುಜದ ಮೇಲಿಂದ ಒಮ್ಮೆ ಹಿಂದಿರುಗಿ ನೋಡಿ, ಆಮೇಲೆ ಸರಿಯಿರಿ. ಸ್ಟಾಪ್ ಲೈನ್ ಹತ್ತಿರ ತುಂಡು ಗೆರೆ ಅಖಂಡ ಗೆರೆಯಾದ ಮೇಲೆ ಲೇನ್ ಬದಲಿಸುವ ಮಾತಿಲ್ಲ.

ನಿಂತ ಸಾಲಿನಲ್ಲಿ ಪಕ್ಕದ ಲೇನೇ ಯಾವಾಗಲೂ ಬೇಗ ಹೋಗುತ್ತಿದೆ ಅನ್ನಿಸುವುದಕ್ಕೂ ವಿವರಣೆ ಇದೆ. 1999ರಲ್ಲಿ ರೆಡೆಲ್‌ಮೈಯರ್ ಮತ್ತು ಟಿಬ್ಶಿರಾನಿ ಎಂಬ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ನಿಧಾನವಾಗಿರುವಾಗ ಗಾಡಿಗಳು ಒತ್ತೊತ್ತಾಗಿರುತ್ತವೆ, ವೇಗವಾಗಿರುವಾಗ ಹರಡಿಕೊಳ್ಳುತ್ತವೆ. ನೀವು ಐದು ಕಾರುಗಳನ್ನು ಹಿಂದೆ ಹಾಕುವುದು ಅವು ಒತ್ತಾಗಿ ನಿಂತಿರುವಾಗ, ಕೆಲವೇ ಕ್ಷಣಗಳಲ್ಲಿ. ಅದೇ ಐದು ಕಾರು ನಿಮ್ಮನ್ನು ಹಿಂದೆ ಹಾಕುವುದು ಹರಡಿಕೊಂಡು, ಬಹಳ ಹೊತ್ತು. ಎರಡೂ ಲೇನ್‌ಗಳ ಸರಾಸರಿ ವೇಗ ಒಂದೇ ಆಗಿದ್ದರೂ ಹಿಂದೆ ಬಿದ್ದಿರುವ ಹೊತ್ತೇ ಹೆಚ್ಚು. ಆ ಅನಿಸಿಕೆಯ ಬೆನ್ನು ಹತ್ತಿ ಲೇನ್ ಬದಲಿಸಬೇಡಿ. ಬೇಕಿದ್ದರೆ ಪಕ್ಕದ ಲೇನ್‌ನಲ್ಲಿ ಗುರುತು ಸಿಗುವ ಒಂದು ಗಾಡಿಯನ್ನು ಹಿಡಿದುಕೊಂಡು ಮುಂದಿನ ಎರಡು ಸಿಗ್ನಲ್ ದಾಟುವವರೆಗೆ ಅದು ಎಲ್ಲಿದೆ ನೋಡಿ.

ಮುಂದೆ ಹೋಗಲು ನಿಜವಾಗಿ ನೆರವಾಗುವುದು ನಿಲ್ಲದೆ ಬರುವುದು. ದೂರದಲ್ಲಿ ಕೆಂಪು ಕಂಡರೆ 200 ಮೀಟರ್ ಇರುವಾಗಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಗೇರ್‌ನಲ್ಲೇ ಉರುಳಲು ಬಿಡಿ. ನಿಂತ ಕಾರು ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ಬರಲು ಸಾಮಾನ್ಯ ಪಿಕಪ್‌ನಲ್ಲಿ ಸುಮಾರು ಐದು ಸೆಕೆಂಡು ಬೇಕು, ಉರುಳುತ್ತಾ ಬಂದವರಿಗೆ ಅದು ಆಗಲೇ ಇದೆ. ಮುಂದೆ ನಿಂತ ಸಾಲು ಕರಗುವ ಹೊತ್ತಿಗೆ ಸರಿಯಾಗಿ ಅದರ ಬಾಲ ಸೇರಿಕೊಂಡರೆ ಕ್ಲಚ್ಚಿಗೂ ಬ್ರೇಕಿಗೂ ಇಂಧನಕ್ಕೂ ಒಳ್ಳೆಯದು. ಬ್ರೇಕ್ ಲೈಟ್‌ಗಳು ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಆರುತ್ತಾ ಬರುವುದು ಕಾಣುತ್ತದಲ್ಲ, ಅದೇ ಹೊರಡುವ ಅಲೆ. ಕೊನೆಯ ಕಾರಿನ ದೀಪ ಆರುವ ಹೊತ್ತಿಗೆ ನೀವು ಅಲ್ಲಿಂದ ಎರಡು ಮೂರು ಸೆಕೆಂಡಿನ ದೂರದಲ್ಲಿರಬೇಕು.

ಇದರಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಲೇಬೇಕು. ನಿಮ್ಮ ಲೇನ್ ಖಾಲಿ, ಪಕ್ಕದಲ್ಲಿ ಸಾಲು ನಿಂತಿದೆ, ಆಗ ತಾನೇ ಹಸಿರು ಬಿದ್ದಿದೆ. ಅದೇ ವೇಗದಲ್ಲಿ ನುಗ್ಗಿದರೆ ಎಲ್ಲರನ್ನೂ ಹಿಂದೆ ಹಾಕಬಹುದು. ಆದರೆ ಪಕ್ಕದ ಸಾಲಿನ ಮುಂದೆ ನಿಂತ ಬಸ್ಸೋ ವ್ಯಾನೋ ಹೊರಡದೆ ಇದ್ದರೆ ಅದರ ಮುಂದೆ ಜೀಬ್ರಾ ಕ್ರಾಸಿಂಗ್ ಮುಗಿಸುತ್ತಿರುವ ಯಾರೋ ಇದ್ದಾರೆ ಎಂದೇ ತಿಳಿಯಿರಿ. ನಿಮಗೆ ಅವರು ಕಾಣುವುದು ಬಸ್ಸಿನ ಮೂಗು ದಾಟಿದ ಮೇಲೆ, ಮೂರು ಮೀಟರ್ ದೂರದಲ್ಲಿ. ಅಂಥ ಹೊತ್ತಿನಲ್ಲಿ ಕಾಲು ಬ್ರೇಕ್ ಮೇಲಿರಲಿ, ಪಕ್ಕದವರು ಚಲಿಸಿದ ಮೇಲೆ ಮಾತ್ರ ಮುಂದೆ ಹೋಗಿ.

ಒಂದೇ ರಸ್ತೆಯ ಸಿಗ್ನಲ್‌ಗಳನ್ನು ಸರಣಿಯಾಗಿ ಹೊಂದಿಸಿದ ಕಡೆ ವೇಗ ಹೆಚ್ಚಿಸಿ ಪ್ರಯೋಜನವೇ ಇಲ್ಲ. ಎರಡು ಸಿಗ್ನಲ್ ನಡುವೆ 500 ಮೀಟರ್, ಹೊಂದಿಸಿದ್ದು ಗಂಟೆಗೆ 50 ಕಿಲೋಮೀಟರ್‌ಗೆ ಎಂದರೆ 36 ಸೆಕೆಂಡಿಗೆ ಮುಂದಿನ ಹಸಿರು. 70ರಲ್ಲಿ ಹೋದವರು 26ನೇ ಸೆಕೆಂಡಿಗೆ ತಲುಪಿ ಹತ್ತು ಸೆಕೆಂಡು ನಿಲ್ಲುತ್ತಾರೆ. 50ರಲ್ಲಿ ಬಂದವರು ನಿಲ್ಲದೆ ಪಕ್ಕದಲ್ಲೇ ದಾಟಿಹೋಗುತ್ತಾರೆ.

ಹಳದಿಯ ಲೆಕ್ಕವೂ ಮೊದಲೇ ಮನಸ್ಸಿನಲ್ಲಿರಬೇಕು. ಗಂಟೆಗೆ 50 ಕಿಲೋಮೀಟರ್‌ನಲ್ಲಿ ಹೋಗುವ ಕಾರು ಒಣ ರಸ್ತೆಯಲ್ಲಿ ಒತ್ತಿ ಹಿಡಿಯದೆ ನಿಲ್ಲಲು, ಯೋಚಿಸುವ ಒಂದು ಸೆಕೆಂಡೂ ಸೇರಿ, 45 ಮೀಟರ್ ಬೇಕು. ಹಳದಿ ಬಿದ್ದಾಗ ಗೆರೆ ಅದಕ್ಕಿಂತ ದೂರವಿದ್ದರೆ ನಿಲ್ಲಿ. ತೀರಾ ಹತ್ತಿರ ಬಂದಿದ್ದು, ಹಿಂದೆ ಬಸ್ಸು ಅಂಟಿಕೊಂಡಿದ್ದರೆ ಗಕ್ಕನೆ ಬ್ರೇಕ್ ಹಾಕುವುದು ಹೆಚ್ಚು ಅಪಾಯ.

ಎಲ್ಲರಿಗಿಂತ ಮುಂದೆ ನಿಂತವರಿಗೆ ಎರಡು ಮಾತು. ಗೆರೆ ದಾಟಿ ನಿಲ್ಲಬೇಡಿ. ಜೀಬ್ರಾ ಮುಚ್ಚುವುದು ಒಂದು ತಪ್ಪು. ಇನ್ನೊಂದು, ಗಾಡಿ ಬಂದಿದೆಯೇ ಎಂದು ನೋಡಿ ಹಸಿರು ಕೊಡುವ ಸಿಗ್ನಲ್‌ಗಳಲ್ಲಿ ಸ್ಟಾಪ್ ಲೈನ್‌ಗೆ ಸ್ವಲ್ಪ ಹಿಂದೆ ರಸ್ತೆಯೊಳಗೆ ತಂತಿಯ ಸುರುಳಿ ಹುದುಗಿಸಿರುತ್ತಾರೆ. ರಸ್ತೆ ಕೊಯ್ದು ಡಾಂಬರು ತುಂಬಿದ ಚೌಕಾಕಾರದ ಗೆರೆ ಕಾಣುವುದು ಅದೇ. ಅದರಿಂದ ಮುಂದೆ ಹೋಗಿ ನಿಂತರೆ ಸಿಗ್ನಲ್‌ಗೆ ನೀವು ಇಲ್ಲವೇ ಇಲ್ಲ, ಹಸಿರು ಬರುವುದೂ ಇಲ್ಲ. ಬೈಕ್, ಸೈಕಲ್‌ನವರು ಚೌಕದ ನಡುವೆ ನಿಲ್ಲುವ ಬದಲು ಕೊಯ್ದ ಗೆರೆಯ ಮೇಲೇ ಚಕ್ರ ಇಟ್ಟು ನಿಂತರೆ ಬೇಗ ಪತ್ತೆಯಾಗುತ್ತಾರೆ. ಹಸಿರು ಬಿದ್ದ ಮೇಲೆ ಒಂದು ಸೆಕೆಂಡು ಎರಡೂ ಬದಿ ನೋಡಿ ಹೊರಡಿ, ಅಡ್ಡರಸ್ತೆಯಲ್ಲಿ ಕೆಂಪು ಹಾರಿಸಿಕೊಂಡು ಬರುವವರು ಬರುವುದು ಆ ಒಂದು ಸೆಕೆಂಡಿನಲ್ಲೇ.

ನಿಂತ ಸಾಲುಗಳ ನಡುವೆ ತೂರಿ ಮುಂದೆ ಬರುವುದು ಎರಡು ಚಕ್ರದವರಿಗೆ ಕಾನೂನು ಒಪ್ಪುವ ಕಡೆಯೂ ಗಾಡಿಗಳು ಪೂರ್ತಿ ನಿಂತಿರುವಾಗ ಮಾತ್ರ, ಓಡುವ ಮನುಷ್ಯನ ವೇಗ ಮೀರದೆ. ಬ್ರೇಕ್ ಲೈಟ್‌ಗಳು ಆರಲು ಶುರುವಾದರೆ ಅಲ್ಲೇ ಒಂದು ಸಂದಿನಲ್ಲಿ ಸೇರಿಕೊಳ್ಳಿ. ಲಾರಿಗೂ ರಸ್ತೆಯ ಅಂಚಿಗೂ ನಡುವೆ ಯಾವ ಕಾರಣಕ್ಕೂ ಹೋಗಬೇಡಿ. ಲಾರಿ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕೊಯ್ದುಕೊಂಡು ಬರುತ್ತದೆ. ಮುಂದಿನ ಭಾಗ ಅಂಚಿನಿಂದ ಎರಡು ಮೀಟರ್ ದೂರವಿದ್ದರೂ ಹಿಂದಿನ ಚಕ್ರ ಅಂಚನ್ನೇ ಸವರಬಹುದು. ಡ್ರೈವರ್‌ನ ಕನ್ನಡಿ ನಿಮಗೆ ಕಾಣದಿದ್ದರೆ ಡ್ರೈವರ್‌ಗೆ ನೀವೂ ಕಾಣುತ್ತಿಲ್ಲ.

ತಪ್ಪು ಲೇನ್‌ಗೆ ಬಿದ್ದುಬಿಟ್ಟರೆ ಆ ಲೇನ್ ಎಲ್ಲಿಗೆ ಕರೆದೊಯ್ಯುತ್ತದೋ ಅಲ್ಲಿಗೇ ಹೋಗಿ. ಜಂಕ್ಷನ್ ದಾಟಿ, ಮುಂದಿನ ತಿರುವಿನಲ್ಲಿ ಸುತ್ತು ಹಾಕಿಕೊಂಡು ಬನ್ನಿ. ಆಚೆ ಬದಿಯಲ್ಲಿ ನಿಮ್ಮ ಗಾಡಿಗೆ ನಿಲ್ಲಲು ಜಾಗವಿಲ್ಲದಿದ್ದರೆ ಹಸಿರಿದ್ದರೂ ಗೆರೆಯ ಹಿಂದೆಯೇ ಇರಿ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ.