ದೊರೆಗೆ ಏಕವಚನ

“ಇನ್ನೂ ಸ್ವಲ್ಪ ಗೌರವ ಇರಲಿ ದನಿಯಲ್ಲಿ. ‘ದೌ’ ಅಂದರೆ ಮರ್ಯಾದೆಯ ಮಾತು. ಅವನು ಮಾತಾಡುತ್ತಿರುವುದು ರಾಜನ ಹತ್ತಿರ.”

ಮಂಗಳವಾರ ಸಂಜೆ ಕೇಳಿದ ಮಾತು ಇದು. ‘ದೌ’ (thou) ಅಂದರೆ ಹಿಂದಿನ ಕಾಲದ ಇಂಗ್ಲಿಷಿನ ‘ನೀನು’. ಈಗ ವಾರ ಮುಗಿಯುತ್ತಾ ಬಂತು, ಇನ್ನೂ ತಲೆಯಿಂದ ಹೋಗಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಮತ್ತೆ ಅದೇ.

ನಾವಿರುವ ಊರು ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ ದೂರ. ಇಲ್ಲಿನ ಲೈಬ್ರರಿಯಲ್ಲಿ ಹಳೆಯ ನಾಟಕಗಳನ್ನು ಗಟ್ಟಿಯಾಗಿ ಓದುವ ಗುಂಪೊಂದಿದೆ. ವೇಷ ಇಲ್ಲ, ರಂಗ ಇಲ್ಲ. ಗುಂಡಾಗಿ ಹಾಕಿದ ಕುರ್ಚಿ, ಪುಸ್ತಕ, ಟೀ, ಬಿಸ್ಕೆಟ್. ಜಾಸ್ತಿ ಜನ ನಿವೃತ್ತರು. ಕನ್ನಡದವಳು ನಾನೊಬ್ಬಳೇ. ನಡೆಸಿಕೊಡುವ ಹಿರಿಯರು ಜೀವನವೆಲ್ಲ ಇಂಗ್ಲಿಷ್ ಪಾಠ ಹೇಳಿದವರು. ತುಂಬಾ ಒಳ್ಳೆಯ ಮನುಷ್ಯ. ಆದರೆ ಬಹಳ ವರ್ಷ ಪಾಠ ಹೇಳಿದವರಿಗೆ ಇನ್ನೊಬ್ಬರು ಹೇಳಿದ್ದನ್ನು ಕೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ ಅಂತ ನನಗೊಂದು ಗುಮಾನಿ.

ಈ ಸಲ ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’. ನನ್ನ ಪಾಲಿಗೆ ಕೆಂಟ್ ಬಂದ. ಮೊದಲ ದೃಶ್ಯ ಗೊತ್ತಲ್ಲ, ಮುದಿ ರಾಜ ರಾಜ್ಯ ಹಂಚುತ್ತಾನೆ, ಹೊಗಳದ ಕಿರಿಮಗಳನ್ನು ತಳ್ಳುತ್ತಾನೆ. ಅಲ್ಲಿ ಅಡ್ಡ ಬರುವವನು ಕೆಂಟ್. ಅವನು ಶುರು ಮಾಡುವುದು ಎಷ್ಟು ವಿನಯದಿಂದ! ದೊರೆಯಾಗಿ ಗೌರವಿಸಿದೆ, ತಂದೆಯಾಗಿ ಪ್ರೀತಿಸಿದೆ, ಒಡೆಯನಾಗಿ ಹಿಂಬಾಲಿಸಿದೆ ಅನ್ನುತ್ತಾನೆ. ಲಿಯರ್ ಬಾಯಿ ಮುಚ್ಚಿಸಲು ನೋಡುತ್ತಾನೆ. ಆಗ ಬರುತ್ತದೆ ಆ ಸಾಲು: “ವಾಟ್ ವಿಲ್ಟ್ ದೌ ಡೂ, ಓಲ್ಡ್ ಮ್ಯಾನ್?”

ಏನು ಮಾಡೋಕೆ ಹೊರಟಿದ್ದೀಯೋ, ಮುದುಕ?

ತುಂಬಿದ ಸಭೆ. ಅಳಿಯಂದಿರು ಕೂತಿದ್ದಾರೆ, ಕಿರಿಮಗಳನ್ನು ಕೇಳಲು ಬಂದ ಪರದೇಶದ ದೊರೆಗಳು ಹೊರಗೆ ಕಾಯುತ್ತಿದ್ದಾರೆ. ಅಲ್ಲಿ ಒಬ್ಬ ಸಾಮಂತ ದೊರೆಗೆ ಏಕವಚನ ಹಾಕುತ್ತಾನೆ. ಓದುವಾಗ ನನ್ನ ದನಿ ತಾನಾಗಿಯೇ ಒರಟಾಯಿತು. ಕತ್ತಿ ಹೊರಗೆ ಬರುವುದು ಇನ್ನೇನು ಗ್ಯಾರಂಟಿ ಅನ್ನಿಸಿತು. ನಾಟಕದಲ್ಲೂ ಲಿಯರ್‌ನ ಕೈ ಕತ್ತಿಗೆ ಹೋಗುತ್ತದೆ, ಅಳಿಯಂದಿರು ತಡೆಯುತ್ತಾರೆ. ಆದರೆ ನಮ್ಮ ಕೋಣೆಯಲ್ಲಿ ಯಾರೂ ಕದಲಲಿಲ್ಲ. ಲಿಯರ್ ಓದುತ್ತಿದ್ದವರ ಕೈ ಬಿಸ್ಕೆಟ್ ತಟ್ಟೆಯ ಮೇಲಿತ್ತು. ಆಗಲೇ ಹಿರಿಯರು ಹೇಳಿದ್ದು, ಇನ್ನೂ ಸ್ವಲ್ಪ ಗೌರವ ಇರಲಿ ಅಂತ.

“ಇದು ಮರ್ಯಾದೆಯ ಮಾತಲ್ಲ, ಮರ್ಯಾದೆ ಬಿಟ್ಟ ಮಾತು” ಎಂದೆ.

ಅವರು ನಕ್ಕರು. “ಆದರೆ ನಾವು ದೇವರಿಗೇ ‘ದೌ’ ಅನ್ನುತ್ತೇವಲ್ಲ?”

ಅವರ ಮಾತಿನಲ್ಲಿ ಕಳ್ಳತನ ಏನಿಲ್ಲ. ಅವರಷ್ಟೇ ಅಲ್ಲ, ಇಲ್ಲಿ ಬಹಳ ಜನರ ಕಿವಿಗೆ ಹಾಗೇ ಕೇಳಿಸುತ್ತದೆ. ಚರ್ಚಿನ ಪ್ರಾರ್ಥನೆಯಲ್ಲಿ ‘ದೈ’ (ನಿನ್ನ), ಹಳೆಯ ಕವಿತೆಯಲ್ಲಿ ‘ದೀ’ (ನಿನ್ನನ್ನು). ಹಳೆಯದು, ಹಾಗಾಗಿ ದೊಡ್ಡದು. ಆದರೆ 1611ರ ಬೈಬಲ್ ತೆರೆದು ನೋಡಿ. ಅಲ್ಲಿ ದೇವರಿಗೂ ‘ದೌ’, ಸೈತಾನನಿಗೂ ‘ದೌ’, ಆಳಿಗೂ ‘ದೌ’. ಮೂಲದ ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಒಬ್ಬರಿದ್ದರೆ ಏಕವಚನ, ಹಲವರಿದ್ದರೆ ಬಹುವಚನ. ಅದನ್ನೇ ಉಳಿಸಿಕೊಂಡರು, ಅಷ್ಟೇ. ಆಮೇಲೆ ಬೀದಿಯವರು, ಬಂಗಲೆಯವರು ಹೆಚ್ಚುಕಡಿಮೆ ಎಲ್ಲರೂ ಆ ಶಬ್ದ ಬಿಟ್ಟರು, ಚರ್ಚು ಮಾತ್ರ ಬಿಡಲಿಲ್ಲ. ಚರ್ಚಿನಲ್ಲಷ್ಟೇ ಕೇಳಿಸುವ ಶಬ್ದಕ್ಕೆ ಧೂಪದ ವಾಸನೆ ಹತ್ತದೆ ಇರುತ್ತದಾ?

ದೇವರಿಗೆ ಏಕವಚನ ಅಂದರೆ ನಮಗೆ ಏನೂ ಅನ್ನಿಸುವುದಿಲ್ಲ. ವ್ಯಾಸರಾಯರು ‘ಕೃಷ್ಣಾ ನೀ ಬೇಗನೆ ಬಾರೋ’ ಅಂತಲೇ ಕರೆದದ್ದು. ‘ಕೃಷ್ಣಾ, ನೀವು ಬೇಗನೆ ಬನ್ನಿ’ ಎಂದು ಹಾಡಿದರೆ ಬ್ಯಾಂಕ್ ಮ್ಯಾನೇಜರನ್ನು ಮೀಟಿಂಗಿಗೆ ಕರೆದ ಹಾಗಿರುತ್ತದೆ. ಹತ್ತಿರದವರಿಗೆ ಏಕವಚನ, ಕೆಳಗಿನವರಿಗೆ ಏಕವಚನ, ಜಗಳ ಬಂದಾಗ ಯಾರಿಗಾದರೂ ಏಕವಚನ. ‘ಅಧಿಕಾರಿಗೆ ಏಕವಚನದಲ್ಲಿ ನಿಂದನೆ’ ಅನ್ನುವ ಸುದ್ದಿ ಓದಿ ಬೆಳೆದವರು ನಾವು. ಏನು ಬೈದ ಅಂತ ಬರೆಯುವುದೇ ಬೇಡ. ಏಕವಚನ ಅಂದರೆ ಸಾಕು, ಉಳಿದದ್ದು ಓದುಗರಿಗೆ ಅರ್ಥವಾಗುತ್ತದೆ. ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಮೇಲಿನವರಿಗೆ ‘ಯೂ’, ಕೆಳಗಿನವರಿಗೆ ‘ದೌ’. ಪ್ರೀತಿ ಉಕ್ಕಿದರೂ ಸಿಟ್ಟು ಉಕ್ಕಿದರೂ ‘ದೌ’.

1603ರಲ್ಲಿ ವಿಂಚೆಸ್ಟರಿನಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಎಲಿಜಬೆತ್ ರಾಣಿಯ ಮೆಚ್ಚಿನವನಾಗಿದ್ದ ಮನುಷ್ಯ ರಾಲಿ. ಅಟಾರ್ನಿ ಜನರಲ್ ಎಡ್ವರ್ಡ್ ಕೋಕ್ ಅವನ ಮುಖಕ್ಕೇ, ‘ನಿನಗೆ ಏಕವಚನವೇ ಸರಿ ಕಣೋ, ದ್ರೋಹಿ’ ಎನ್ನುವ ಅರ್ಥದಲ್ಲಿ ಕೂಗಿದ. ಅಂದರೆ ‘ದೌ’ ಅನ್ನುವುದನ್ನೇ ಕ್ರಿಯಾಪದ ಮಾಡಿ ಬೈದ. ದೇಶದ ದೊಡ್ಡ ವಕೀಲ, ಮಾತೇ ಅವನ ಕಸುಬು, ಸಿಟ್ಟು ನೆತ್ತಿಗೇರಿದಾಗ ಅವನ ಕೈಗೆ ಸಿಕ್ಕಿದ್ದು ಒಂದು ಸರ್ವನಾಮ! ಲಿಯರ್ ಬಂದದ್ದು ಇದಾಗಿ ಎರಡು ಮೂರು ವರ್ಷಕ್ಕೆ. 1606ರ ಡಿಸೆಂಬರ್ 26ರ ರಾತ್ರಿ ವೈಟ್‌ಹಾಲ್ ಅರಮನೆಯಲ್ಲಿ ಜೇಮ್ಸ್ ದೊರೆಯ ಎದುರು ಅದನ್ನು ಆಡಿದರು. 1608ರಲ್ಲಿ ಅಚ್ಚಾದ ಪುಸ್ತಕದ ಮೊದಲ ಪುಟದಲ್ಲೇ ಹಾಗೆಂದು ಹಾಕಿಕೊಂಡಿದ್ದಾರೆ. ನಿಜವಾದ ರಾಜ ಕೂತು ನೋಡುತ್ತಿರುವಾಗ, ಸಂಬಳದ ನಟನೊಬ್ಬ ನಾಟಕದ ರಾಜನಿಗೆ ‘ಏನೋ ಮುದುಕ’ ಅಂದಿದ್ದಾನೆ. ಆ ಸಾಲು ಬಂದಾಗ ಜೇಮ್ಸ್ ಕುರ್ಚಿಯಲ್ಲಿ ಸರಿದು ಕೂತಿರಬೇಕು ಅಂತ ನನ್ನ ಆಸೆ. ಬಿಸ್ಕೆಟ್ಟಿಗಂತೂ ಕೈ ಚಾಚಿರಲಾರ.

ಇದನ್ನೆಲ್ಲ ಮಂಗಳವಾರ ನಾನು ಹೇಳಲಿಲ್ಲ. ಅವಕಾಶ ಸಿಗಲಿಲ್ಲ ಅನ್ನುವುದು ಸರಿ. ನನ್ನ ಕೈ ಹಿಡಿದದ್ದು ಬಾಗಿಲ ಪಕ್ಕ ಕೂರುವ ಅಜ್ಜಿ. ಅವರು ಯಾರ್ಕ್‌ಶೈರಿನವರು. ಇಡೀ ಗುಂಪಿನಲ್ಲಿ ಓದುವುದು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ. ನನಗೆ ಅಲ್ಲಿ ಅತಿ ಇಷ್ಟವಾದವರೂ ಅವರೇ. “ನಮ್ಮ ತಾತ ‘ಥಾ’ ಅಂತಲೇ ಮಾತಾಡುತ್ತಿದ್ದರು. ನಾವು ಮಕ್ಕಳು ತಿರುಗಿ ಅವರಿಗೆ ಹಾಗಂದರೆ ಕೆನ್ನೆಗೆ ಬೀಳುತ್ತಿತ್ತು. ‘ಡೋಂಟ್ ದೀ ಥಾ ಮೀ’ ಅನ್ನುತ್ತಿದ್ದರು” ಎಂದರು. ‘ಥಾ’ ಅನ್ನುವುದು ‘ದೌ’ ಶಬ್ದದ ಉತ್ತರ ಇಂಗ್ಲೆಂಡಿನ ರೂಪ. ನನಗೆ ನೀನು ಗೀನು ಅನ್ನಬೇಡ ಅಂತ ಆ ಮಾತಿನ ಅರ್ಥ. ಮಿಕ್ಕವರು ಮುಗುಳ್ನಕ್ಕರು, ಹಳ್ಳಿಯ ನೆನಪು ಅಂತ. ಹಿರಿಯರು “ಚಾರ್ಮಿಂಗ್” ಅಂದು ಪುಟ ತಿರುಗಿಸಿದರು. ನನಗೆ ಎದ್ದು ಹೋಗಿ ಅಜ್ಜಿಯ ಕೈ ಕುಲುಕುವಷ್ಟು ಖುಷಿ. ಆ ಕೋಣೆಯಲ್ಲಿ ಕೆಂಟ್‌ನ ಮಾತಿನ ಪೆಟ್ಟು ಗೊತ್ತಿದ್ದವರು ಇಬ್ಬರು, ಅದರಲ್ಲಿ ಒಬ್ಬಳ ಮನೆಮಾತು ಇಂಗ್ಲಿಷೇ ಅಲ್ಲ.

ಹಳೆಯ ನಾಟಕ ಅಂದಕೂಡಲೇ ಎಲ್ಲರೂ ಹೆದರುವುದು ಕಷ್ಟದ ಶಬ್ದಗಳಿಗೆ. ಆದರೆ ಅವುಗಳಿಗೆ ಪುಟದ ಬುಡದಲ್ಲಿ ಟಿಪ್ಪಣಿ ಇರುತ್ತದೆ, ಅರ್ಥ ತಿಳಿಯುತ್ತದೆ. ಕೈ ಕೊಡುವುದು ಪರಿಚಯದ ಶಬ್ದಗಳು. ಇದೇ ಲಿಯರ್ ನಾಟಕದಲ್ಲಿ ಸಾಮಂತ ಗ್ಲೌಸ್ಟರ್‌ನ ಗಡ್ಡ ಕಿತ್ತಾಗ ಅವನು ರಾಜನ ಎರಡನೇ ಮಗಳು ರೀಗನ್‌ಗೆ ‘ನಾಟಿ ಲೇಡಿ’ ಅನ್ನುತ್ತಾನೆ. ಇನ್ನು ಕೆಲವೇ ಸಾಲುಗಳಲ್ಲಿ ಅವನ ಕಣ್ಣು ಕೀಳುತ್ತಾರೆ, ಆದರೂ ಇವತ್ತಿನ ಓದುಗ ಪಿಸಕ್ಕನೆ ನಗುತ್ತಾನೆ. ತುಂಟಿ ಅಂತ ಕೇಳಿಸುತ್ತದೆ. ಆಗ ಅದಕ್ಕಿದ್ದ ಅರ್ಥ ನೀಚೆ, ದುಷ್ಟೆ ಅಂತ. ಹ್ಯಾಮ್ಲೆಟ್ ತನ್ನನ್ನು ಯಾರಾದರೂ ‘ಲೆಟ್’ ಮಾಡಿದರೆ ಅವನನ್ನೇ ಭೂತ ಮಾಡುತ್ತೇನೆ ಅನ್ನುತ್ತಾನೆ. ಅಲ್ಲಿ ‘ಲೆಟ್’ ಅಂದರೆ ತಡೆಯುವುದು, ಬಿಡುವುದಲ್ಲ. ಇಂಥವನ್ನು ಒಂದು ಸಲ ಹೇಳಿಕೊಟ್ಟರೆ ಮುಗಿಯಿತು. ‘ದೌ’ ಹಾಗಲ್ಲ. ‘ದೌ ಅಂದರೆ ಯೂ’ ಅಂತ ಬರೆದುಕೊಂಡರೆ ಅರ್ಥ ಸಿಗುತ್ತದೆ, ಏಟು ಬೀಳುವುದಿಲ್ಲ.

ಆ ರಾತ್ರಿ ಮನೆಗೆ ಬಂದು ಬರೀ ‘ದೌ’, ‘ಯೂ’ ಹುಡುಕುತ್ತಾ ನಾಟಕ ತಿರುವಿದೆ. ಗಡೀಪಾರಾದ ಕೆಂಟ್ ವೇಷ ಮರೆಸಿಕೊಂಡು ಅದೇ ಲಿಯರ್ ಹತ್ತಿರ ಚಾಕರಿಗೆ ಬರುತ್ತಾನಲ್ಲ, ಆಗ ಅವನ ಬಾಯಲ್ಲಿ ‘ಯೂ’. ನಿಮ್ಮ ಮುಖದಲ್ಲಿ ಏನೋ ಇದೆ, ಒಡೆಯ ಅನ್ನಬೇಕು ಅನ್ನಿಸುತ್ತದೆ ಅನ್ನುತ್ತಾನೆ. ಏನದು ಅಂತ ಕೇಳಿದರೆ, ಅಧಿಕಾರ ಅನ್ನುತ್ತಾನೆ. ಕಿರೀಟ ಇದ್ದಾಗ ನೀನು, ಕಿರೀಟ ಹೋದ ಮೇಲೆ ನೀವು! ಅದಕ್ಕಿಂತ ದೊಡ್ಡದು ಆಮೇಲಿದೆ. ಹುಚ್ಚು ಇಳಿದು ಎಚ್ಚರವಾದ ಲಿಯರ್ ತಾನು ತಳ್ಳಿದ ಕಿರಿಮಗಳು ಕಾರ್ಡೀಲಿಯಾಗೆ ಹೇಳುವ ಮಾತು: ‘ಯೂ ಮಸ್ಟ್ ಬೇರ್ ವಿತ್ ಮಿ’. ಅಪ್ಪ ಮಗಳಿಗೆ ನೀವು ಅನ್ನುತ್ತಿದ್ದಾನೆ. ನೀವು ನನ್ನನ್ನು ಸಹಿಸಿಕೊಳ್ಳಬೇಕು, ಮರೆತುಬಿಡಿ, ಕ್ಷಮಿಸಿ, ನಾನು ಮುದುಕ, ದಡ್ಡ ಅಂತ. ಕನ್ನಡದಲ್ಲಿ ಹಾಗೆ ಓದಿಕೊಂಡಾಗ ನನಗೆ ಗಂಟಲು ಕಟ್ಟಿತು. ಮತ್ತೆ ‘ದೌ’ ಬರುವುದು ಇಬ್ಬರೂ ಸೆರೆಯಾದ ಮೇಲೆ. ನೀನು ಆಶೀರ್ವಾದ ಕೇಳಿದರೆ ನಾನು ಮೊಣಕಾಲೂರಿ ಕ್ಷಮೆ ಕೇಳುತ್ತೇನೆ ಅನ್ನುವಲ್ಲಿ. ಕೊನೆಗೆ ಸತ್ತ ಮಗಳಿಗೆ ನೀನು ಇನ್ನು ಬರುವುದಿಲ್ಲ ಅನ್ನುತ್ತಾನೆ, ಹಿಂದೆಯೇ ಪಕ್ಕದಲ್ಲಿದ್ದ ಯಾರಿಗೋ ಈ ಗುಂಡಿ ಬಿಚ್ಚಿ, ಥ್ಯಾಂಕ್ ಯೂ ಸರ್ ಅನ್ನುತ್ತಾನೆ. ಇಡೀ ದೇಶವನ್ನು ಏಕವಚನದಲ್ಲಿ ಗದರಿಸುತ್ತಿದ್ದ ಮನುಷ್ಯ.

ಇಷ್ಟು ಒಳ್ಳೆಯ ಹತಾರವನ್ನು ಈ ಭಾಷೆ ಯಾಕೆ ಕೈಬಿಟ್ಟಿತು ಅಂತ ಸಂಕಟವಾಗುತ್ತದೆ. 1650ರ ಆಸುಪಾಸಿನಲ್ಲಿ ಜಾರ್ಜ್ ಫಾಕ್ಸ್‌ನ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ನ್ಯಾಯಾಧೀಶನಿಗೂ ಟೋಪಿ ತೆಗೆಯದೆ ‘ದೌ’ ಎಂದು ಏಟು ತಿಂದರು, ಜೈಲಿಗೂ ಹೋದರು. ದೇವರ ಎದುರು ಎಲ್ಲರೂ ಒಂದೇ ಅನ್ನುವುದು ಅವರ ವಾದ. ಅವರು ಎಲ್ಲರಿಗೂ ನೀನು ಎಂದು ಸಮ ಮಾಡಲು ಹೊರಟರು. ಇಂಗ್ಲಿಷ್ ಕೊನೆಗೆ ಎಲ್ಲರಿಗೂ ನೀವು ಎಂದು ಸಮ ಮಾಡಿಕೊಂಡಿತು.

ಅದರಲ್ಲಿ ಸುಖವೂ ಇದೆ ಅನ್ನಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇಪ್ಪತ್ತರ ಹುಡುಗ ಅರವತ್ತರ ವಾಚ್‌ಮನ್‌ಗೆ “ಏನೋ, ಎಲ್ಲಿ ಹೋಗಿದ್ದೆ?” ಅನ್ನುವುದನ್ನು ನಾನೂ ಕೇಳಿದ್ದೇನೆ. ಅದೇ ವಾಚ್‌ಮನ್ ತಿರುಗಿ “ಇಲ್ಲೇ ಇದ್ದೆ ಕಣೋ” ಅಂದರೆ ಸಂಜೆಯೊಳಗೆ ಕೆಲಸ ಹೋಗುತ್ತದೆ. ಕೆಂಟ್‌ನ ಧೈರ್ಯ ದೊಡ್ಡದಾಗಿ ಕಾಣುವುದೂ ಈ ಅನ್ಯಾಯದಿಂದಲೇ ಅಲ್ವಾ? ಏಣಿ ಇಲ್ಲದಿದ್ದರೆ ಅದನ್ನು ಒದೆಯುವುದಕ್ಕೂ ಆಗುವುದಿಲ್ಲ. ಆದರೂ ನಾಟಕದಲ್ಲಿ ಆ ಒದೆತ ನನಗೆ ಬೇಕು, ಮನೆಯ ಗೇಟಿನ ಹತ್ತಿರ ಬೇಡ. ಎರಡೂ ಒಟ್ಟಿಗೆ ಸಿಗುತ್ತದೆಯೋ ಇಲ್ಲವೋ.

ಹಾಗೆ ನೋಡಿದರೆ, ಈ ಹಿರಿಯರ ಮಾತನ್ನು ಕನ್ನಡದಲ್ಲಿ ಬರೆಯುವಾಗ ‘ಗೌರವ ಇರಲಿ ದನಿಯಲ್ಲಿ’ ಎಂದು ಜಾಣತನದಿಂದ ಜಾರಿಕೊಂಡಿದ್ದೇನೆ. ಅವರು ನನಗೆ ಅಂದದ್ದು ‘ಯೂ’. ಅದು ನೀನೋ ನೀವೋ? ಪ್ರೀತಿಯಿಂದ ತಿದ್ದಿದರೋ, ಪರದೇಶದವಳು ಅಂತ ದೂರ ಇಟ್ಟು ತಿದ್ದಿದರೋ? ಒಬ್ಬ ಕನ್ನಡದ ಮೇಷ್ಟರಾಗಿದ್ದರೆ ಎರಡನೇ ವಾಕ್ಯಕ್ಕೇ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಇಲ್ಲಿದ್ದೂ ಅಕ್ಕಪಕ್ಕದವರ ಜೊತೆ ನಾನು ಯಾವ ವಚನದಲ್ಲಿದ್ದೇನೆ ಅನ್ನುವುದು ನನಗೆ ಖಾತ್ರಿಯಿಲ್ಲ. ಅವರಿಗೆ ಅಂಥ ಪ್ರಶ್ನೆಯೇ ಇಲ್ಲ, ಪುಣ್ಯವಂತರು.

ಮುಂದಿನ ನಾಟಕ ‘ಟ್ವೆಲ್ಫ್ತ್ ನೈಟ್’. ಅದರಲ್ಲಿ ಸರ್ ಟೋಬಿ ತನ್ನ ದಡ್ಡ ಗೆಳೆಯನಿಗೆ ಜಗಳದ ಪತ್ರ ಬರೆಯುವುದು ಹೇಗೆ ಅಂತ ಹೇಳಿಕೊಡುತ್ತಾನೆ. ಎದುರಾಳಿಗೆ ಒಂದು ಮೂರು ಸಲ ‘ದೌ’ ಅಂದರೆ ತಪ್ಪೇನಿಲ್ಲ ಅನ್ನುತ್ತಾನೆ. ಟೋಬಿಯ ಪಾತ್ರ ನನಗೇ ಬೇಕು ಅಂತ ನಿನ್ನೆ ಹಿರಿಯರಿಗೆ ಮೆಸೇಜ್ ಹಾಕಿದ್ದೇನೆ. ಅದು ಗಂಡಸಿನ ಪಾತ್ರ, ದಪ್ಪ ಹೊಟ್ಟೆಯ ಕುಡುಕ, ಪರವಾಗಿಲ್ಲವಾ ಅಂತ ಉತ್ತರ ಬಂದಿದೆ. ಕೆಂಟ್ ಏನು ಹೆಂಗಸಾಗಿದ್ದನಾ ಅಂತ ಕೇಳಿದ್ದೇನೆ.