ಅಡಿಕೆ ತೋಟಕ್ಕೆ ಲೋರಾವ್ಯಾನ್: ಗೇಟ್‌ವೇ, ರೂಟರ್ ಆಯ್ಕೆ, ನಾಲ್ಕನೇ ವಾರದ ಹೊತ್ತಿಗೆ

ಶಿರಸಿ ಕಡೆಯ ಎಂಟು ಎಕರೆ ಅಡಿಕೆ ತೋಟ. ತೋಟ ಕಣಿವೆಯಲ್ಲಿ, ಮನೆ ದಿಬ್ಬದ ಮೇಲೆ. ಮಣ್ಣಿನ ತೇವ ಅಳೆಯುವ 14 ಸೆನ್ಸರ್‌ಗಳು ಅರ್ಧ ಗಂಟೆಗೊಮ್ಮೆ ಅಳತೆ ಕಳಿಸಬೇಕು, ಅದೂ ಸಣ್ಣ ಬ್ಯಾಟರಿಯಲ್ಲಿ. ಹಾಗಾಗಿ ವೈಫೈ ಲೆಕ್ಕಕ್ಕೇ ಬರಲಿಲ್ಲ. ಆರಿಸಿದ್ದು ಲೋರಾವ್ಯಾನ್, ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೋ ಜಾಲ. ಆ ಸಂದೇಶ ಹಿಡಿದು ಇಂಟರ್ನೆಟ್‌ಗೆ ದಾಟಿಸುವ ಪೆಟ್ಟಿಗೆಯೇ ಗೇಟ್‌ವೇ.

ವಾರ 1. ಅಗ್ಗದ ಒಂಟಿ ಚಾನೆಲ್ ಗೇಟ್‌ವೇ ಕೈಬಿಟ್ಟಾಯಿತು. ಐಎನ್865 (ಭಾರತಕ್ಕೆ ಲೋರಾವ್ಯಾನ್ ಗೊತ್ತುಮಾಡಿದ ಆವರ್ತನ ಪಟ್ಟಿ) ಪ್ರಕಾರ ಸೆನ್ಸರ್ 865.0625, 865.4025, 865.985 ಮೆಗಾಹರ್ಟ್ಸ್ ಈ ಮೂರರ ನಡುವೆ ಜಿಗಿಯುತ್ತಿರುತ್ತದೆ. ಒಂದನ್ನೇ ಆಲಿಸುವ ಪೆಟ್ಟಿಗೆಗೆ ಮೂರರಲ್ಲಿ ಎರಡು ಸಂದೇಶ ಕೇಳಿಸುವುದೇ ಇಲ್ಲ. ಸ್ಪ್ರೆಡಿಂಗ್ ಫ್ಯಾಕ್ಟರ್ (ಎಸ್ಎಫ್, ಸಂದೇಶವನ್ನು ಎಷ್ಟು ನಿಧಾನವಾಗಿ ಹರಡಿ ಕಳಿಸಬೇಕೆಂಬ ಹಂತ) ಬದಲಾದರೆ ಉಳಿದ ಒಂದೂ ಹೋಯಿತು. ಈಗಿರುವುದು ಎಸ್ಎಕ್ಸ್1302 ಚಿಪ್ಪಿನ ಎಂಟು ಚಾನೆಲ್ ಗೇಟ್‌ವೇ. ಕೊಳ್ಳುವ ಮೊದಲು ಬ್ಯಾಂಡ್ ನೋಡಿ: ಭಾರತದಲ್ಲಿ ಪರವಾನಗಿ ಬೇಡದ್ದು 865–868. ಅಮೆರಿಕದ 915ರ ಮಾದರಿ ಅಗ್ಗಕ್ಕೆ ಸಿಕ್ಕರೂ ಬೇಡ, ಒಳಗಿನ ಫಿಲ್ಟರೇ ಬೇರೆ. ಯುರೋಪಿನ 868ರ ಹಾರ್ಡ್‌ವೇರಿಗೆ ಸಾಮಾನ್ಯವಾಗಿ ಚಾನೆಲ್ ಪಟ್ಟಿ ಬದಲಿಸಿದರೆ ಸಾಕು.

ವಾರ 2, 3. ಹೆಚ್ಚು ಸಮಯ ತಿಂದದ್ದು ಆಂಟೆನಾ. ಮೊದಲಿಗೆ ಗೇಟ್‌ವೇ ಮನೆಯೊಳಗೆ, 5 ಡಿಬಿಐ (ಆಂಟೆನಾ ಸಿಗ್ನಲ್ ಹೆಚ್ಚಿಸುವ ಅಳತೆ) ಫೈಬರ್‌ಗ್ಲಾಸ್ ಆಂಟೆನಾ ಮಾಡಿನ ಮೇಲೆ, ನಡುವೆ 10 ಮೀಟರ್ ಆರ್‌ಜಿ58 ಕೇಬಲ್ ಇತ್ತು. ಈ ಆವರ್ತನದಲ್ಲಿ ಆ ಕೇಬಲ್ ಮೀಟರಿಗೆ ಸುಮಾರು ಅರ್ಧ ಡಿಬಿ ನುಂಗುತ್ತದೆ, ಅಂದರೆ ಆಂಟೆನಾ ಗಳಿಸಿಕೊಟ್ಟದ್ದೆಲ್ಲ ಕೇಬಲಿಗೇ ಸಂದಾಯ. ಗೇಟ್‌ವೇಯನ್ನೇ ಜಿಐ ಪೈಪಿನ ಕಂಬಕ್ಕೇರಿಸಿ, ಆಂಟೆನಾಕ್ಕೆ ಒಂದು ಮೀಟರ್ ಎಲ್ಎಂಆರ್400 (ಕಡಿಮೆ ನಷ್ಟದ ಕೇಬಲ್) ಕೊಟ್ಟು, ಕೆಳಗಿನಿಂದ ಈಥರ್ನೆಟ್ ಎಳೆದದ್ದೇ ಸರಿಯಾದ ದಾರಿ. ಈಥರ್ನೆಟ್ 100 ಮೀಟರ್‌ವರೆಗೂ ನಡೆಯುತ್ತದೆ. ಆಂಟೆನಾ ಅಡಿಕೆಯ ಸೋಗೆಗಿಂತ ಮೇಲಿರಲಿ. ಮಳೆ ಈ ಅಲೆಗೆ ಅಡ್ಡಿಯಲ್ಲ, ಆದರೆ ತೊಯ್ದ ಸೋಗೆ ಅಡ್ಡಿ. ಬೇಸಿಗೆಯಲ್ಲಿ ಎಸ್ಎಫ್10ರಲ್ಲಿ ಅಂಚಿನಲ್ಲಿ ನಿಂತ ಸೆನ್ಸರ್ ಆಷಾಢದಲ್ಲಿ ಮಾತಾಡುವುದಿಲ್ಲ. ಎಸ್ಎಫ್10ಕ್ಕೆ ಬೇಕಾದ ಕನಿಷ್ಠ ಎಸ್ಎನ್ಆರ್ (ಗದ್ದಲಕ್ಕೆ ಹೋಲಿಸಿದರೆ ಸಿಗ್ನಲ್ ಎಷ್ಟಿದೆ ಎಂಬ ಅಳತೆ) −15 ಡಿಬಿ. ಅದರ ಮೇಲೆ ಕೈಯಲ್ಲಿ 8–10 ಡಿಬಿ ಮಿಗಿಸಿಕೊಳ್ಳಿ.

ಎರಡು ಎಚ್ಚರಿಕೆ. ಎಸ್ಎಂಎ ಮತ್ತು ಆರ್‌ಪಿ-ಎಸ್ಎಂಎ ಎಂಬ ಎರಡು ಬಗೆಯ ಆಂಟೆನಾ ಕನೆಕ್ಟರ್‌ಗಳು ಒಂದಕ್ಕೊಂದು ತಿರುಪಿದರೆ ಕೂರುತ್ತವೆ, ಆದರೆ ನಡುವಿನ ಪಿನ್ ತಾಗುವುದಿಲ್ಲ. ಆಂಟೆನಾ ಇಲ್ಲದೆ ಗೇಟ್‌ವೇ ಚಾಲು ಮಾಡಲೇಬೇಡಿ.

ವಾರ 4. 4ಜಿ ರೂಟರ್ ಬಂತು. ಸಂಪರ್ಕವನ್ನು ಗೇಟ್‌ವೇಯೇ ಹೊರಗೆ ತೆರೆಯುವುದರಿಂದ ಸ್ಥಿರ ಐಪಿ ಬೇಕಿಲ್ಲ. ಯುಡಿಪಿ 1700 (ಗೇಟ್‌ವೇ ಸರ್ವರಿನೊಡನೆ ಮಾತಾಡುವ ಪೋರ್ಟ್) ಹೊರಕ್ಕೆ ಹೋದರಾಯಿತು. ಡೇಟಾ ಬರುತ್ತಿತ್ತು, ಆಜ್ಞೆ ಮಾತ್ರ ಸೆನ್ಸರಿಗೆ ಮುಟ್ಟುತ್ತಿರಲಿಲ್ಲ. ಕಾರಣ ವಿಳಂಬ: ಸೆನ್ಸರ್ ಉತ್ತರಕ್ಕೆ ಕಿವಿಗೊಡುವುದು ಒಂದು ಸೆಕೆಂಡಿನ ನಂತರ, 4ಜಿ ಸಿಗ್ನಲ್ ಕುಗ್ಗಿದಾಗ ಅಷ್ಟರಲ್ಲಿ ಉತ್ತರ ತಲುಪದು. ಸರ್ವರಿನಲ್ಲಿ ಆರ್‌ಎಕ್ಸ್1 (ಸೆನ್ಸರ್ ಉತ್ತರ ಆಲಿಸುವ ಮೊದಲ ಹೊತ್ತು) ವಿಳಂಬವನ್ನು 5 ಸೆಕೆಂಡ್ ಮಾಡಿದ ಮೇಲೆ ಸರಿಹೋಯಿತು.

ವಿದ್ಯುತ್: ಗೇಟ್‌ವೇ, ರೂಟರ್ ಎರಡೂ ಸೇರಿ 10 ವ್ಯಾಟ್. 12 ವೋಲ್ಟ್ 42 ಎಎಚ್ ಲೆಡ್ ಬ್ಯಾಟರಿಯನ್ನು ಅರ್ಧದಷ್ಟೇ ಬಳಸಿದರೆ ಒಂದು ದಿನ. ಪಿಒಇ ಇಂಜೆಕ್ಟರ್ (ಈಥರ್ನೆಟ್ ತಂತಿಯಲ್ಲೇ ವಿದ್ಯುತ್ ಕೊಡುವ ಪೆಟ್ಟಿಗೆ) 802.3ಎಎಫ್ ಮಾನದಂಡದ್ದಾಗಿರಲಿ, 24 ವೋಲ್ಟಿನ ಪ್ಯಾಸಿವ್ ಪೆಟ್ಟಿಗೆಗೆ 48 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ ಚುಚ್ಚಿದರೆ ಸುಟ್ಟೇ ಹೋಗುತ್ತದೆ.

ಬಾಕಿ: ಆಂಟೆನಾ ಸಾಲಿಗೆ ಸರ್ಜ್ ಅರೆಸ್ಟರ್ (ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸುವ ಸಾಧನ), ಕಂಬಕ್ಕೆ ಅರ್ಥಿಂಗ್. ಏಪ್ರಿಲ್‌ನ ಗುಡುಗು ಸಿಡಿಲು ಶುರುವಾಗುವ ಮೊದಲು ಎರಡೂ ಮುಗಿಯಬೇಕು.